ಮಕ್ಕಳ ರಿಫ್ಲಕ್ಸ್ ಆಪರೇಷನ್: ಅಪ್ಪ-ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ಮೂತ್ರಕೋಶದಲ್ಲಿರುವ ಮೂತ್ರ ವಾಪಸ್ ಕಿಡ್ನಿ ಕಡೆಗೆ ಹತ್ತುವ ತೊಂದರೆಗೆ ಡಾಕ್ಟರುಗಳು ವಿಯುಆರ್ ಅಥವಾ ಬರೀ ‘ರಿಫ್ಲಕ್ಸ್’ ಅನ್ನುತ್ತಾರೆ. ಇಲ್ಲಿ ಬರೆದಿರುವುದು ಅದರ ಆಪರೇಷನ್ ಬಗ್ಗೆ. ನಾನು ಡಾಕ್ಟರ್ ಅಲ್ಲ, ಮಗಳಿಗೆ ಈ ಆಪರೇಷನ್ ಮಾಡಿಸಿದ ತಾಯಿ. ಆಮೇಲೆ ಯಾರ್ಯಾರೋ ಫೋನ್ ಮಾಡಿ ಅದೇ ಪ್ರಶ್ನೆಗಳನ್ನು ಕೇಳುತ್ತಿದ್ದರಿಂದ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ನಿಮ್ಮ ಮಗುವಿಗೆ ಏನು ಬೇಕು ಅನ್ನುವುದನ್ನು ಮಗುವನ್ನು ಕಣ್ಣಾರೆ ನೋಡಿದ ಡಾಕ್ಟರೇ ಹೇಳಬೇಕು.

ರಿಫ್ಲಕ್ಸ್ ಅಂದರೆ ಒಳಗೆ ಏನಾಗುತ್ತದೆ?

ಎರಡು ಕಿಡ್ನಿಗಳಿಂದ ಎರಡು ತೆಳ್ಳನೆಯ ನಾಳಗಳು ಇಳಿದು ಬಂದು ಮೂತ್ರಕೋಶ ಸೇರುತ್ತವೆ. ಇವೇ ಯುರೇಟರ್. ಈ ನಾಳ ಮೂತ್ರಕೋಶದ ಗೋಡೆಯನ್ನು ನೇರವಾಗಿ ತೂರಿಕೊಂಡು ಒಳಗೆ ಬರುವುದಿಲ್ಲ. ಗೋಡೆಯ ಪದರಗಳ ನಡುವೆ ಓರೆಯಾಗಿ ಒಂದಿಷ್ಟು ದೂರ ಸಾಗಿ, ಆಮೇಲೆ ಒಳಗೆ ಬಾಯಿ ತೆರೆಯುತ್ತದೆ. ಮೂತ್ರಕೋಶ ತುಂಬಿ ಒತ್ತಡ ಬಂದಾಗ ಆ ಓರೆ ಭಾಗ ಚಪ್ಪಟೆಯಾಗಿ ಮುಚ್ಚಿಕೊಳ್ಳುತ್ತದೆ, ತೋಟಕ್ಕೆ ನೀರು ಬಿಡುವ ಮೆತ್ತನೆ ಪೈಪಿನ ಮೇಲೆ ಕಾಲಿಟ್ಟ ಹಾಗೆ. ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಈ ಓರೆ ದಾರಿ ಗಿಡ್ಡವಾಗಿರುತ್ತದೆ. ಆಗ ಅದು ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ, ಮೂತ್ರ ಮೇಲಕ್ಕೆ ನುಗ್ಗುತ್ತದೆ.

ಓರೆ ದಾರಿ ನಾಳದ ಅಗಲಕ್ಕಿಂತ ಸುಮಾರು ಐದು ಪಟ್ಟು ಉದ್ದ ಇರಬೇಕು ಎಂದು 1959ರಲ್ಲಿ ಪಾಕ್ವಿನ್ ಎಂಬ ಸರ್ಜನ್ ಹೇಳಿದರು. ಇವತ್ತಿಗೂ ಆಪರೇಷನ್ ಮಾಡುವವರು ಇಟ್ಟುಕೊಳ್ಳುವ ಅಂದಾಜು ಇದೇ. ತರಹೇವಾರಿ ಹೆಸರಿನ ಆಪರೇಷನ್‌ಗಳಿವೆ, ಆದರೆ ಎಲ್ಲದರ ಉದ್ದೇಶ ಒಂದೇ: ಗಿಡ್ಡ ದಾರಿಯನ್ನು ಉದ್ದ ಮಾಡುವುದು, ಇಲ್ಲವೇ ಅದರ ಕೆಳಗೆ ಒತ್ತು ಕೊಡುವುದು.

ಬರೀ ಮೂತ್ರ ವಾಪಸ್ ಹೋದರೆ ಸಾಮಾನ್ಯವಾಗಿ ಅಷ್ಟು ಭಯವಿಲ್ಲ. ಅದರ ಜೊತೆ ಬ್ಯಾಕ್ಟೀರಿಯಾ ಕಿಡ್ನಿಗೆ ಹೋಗಿ ಜ್ವರ ಬರುವುದು, ಆ ಜ್ವರಗಳು ಕಿಡ್ನಿಯಲ್ಲಿ ಗಾಯದ ಕಲೆ ಉಳಿಸಿ ಹೋಗುವುದು, ನಿಜವಾದ ತಲೆನೋವು ಅದು.

ನಮ್ಮ ಮಗುವಿಗೇ ಯಾಕೆ ಬಂತು? ನಾವು ಏನಾದರೂ ತಪ್ಪು ಮಾಡಿದ್ವಾ?

ಇಲ್ಲ. ಬಸುರಿಯಲ್ಲಿ ತಿಂದದ್ದಕ್ಕೂ, ಡೈಪರ್ ಹಾಕಿದ್ದಕ್ಕೂ, ನೀರು ಕಮ್ಮಿ ಕುಡಿಸಿದ್ದಕ್ಕೂ ಇದು ಬರುವುದಿಲ್ಲ. ಮನೆತನದಲ್ಲಿ ಬರುವುದುಂಟು. ರಿಫ್ಲಕ್ಸ್ ಇರುವ ಮಗುವಿನ ಒಡಹುಟ್ಟಿದವರನ್ನು ಪರೀಕ್ಷಿಸಿದರೆ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಸಿಗುತ್ತದೆ. ತಂದೆಗೋ ತಾಯಿಗೋ ಇದ್ದಿದ್ದರೆ ಮಕ್ಕಳಲ್ಲಿ ಇನ್ನೂ ಸ್ವಲ್ಪ ಜಾಸ್ತಿ.

ನಮ್ಮ ಕಡೆ ಇನ್ನೊಂದು ಸಮಸ್ಯೆ ಇದೆ. ಮಗು ಉಚ್ಚೆ ಮಾಡುವಾಗ ಅತ್ತರೆ, ಮೈ ಬಿಸಿಯಾದರೆ, ‘ಉಷ್ಣ ಆಗಿದೆ, ಎಳನೀರು ಕೊಡಿ, ಬಾರ್ಲಿ ನೀರು ಕೊಡಿ’ ಎಂದು ಮನೆಯಲ್ಲಿ ಹಿರಿಯರು ಹೇಳುತ್ತಾರೆ. ಎಳನೀರು ಕೊಟ್ಟರೆ ಏನೂ ನಷ್ಟವಿಲ್ಲ. ಆದರೆ ನೆಗಡಿ-ಕೆಮ್ಮು ಏನೂ ಇಲ್ಲದೆ ಚಿಕ್ಕ ಮಗುವಿಗೆ ಜೋರು ಜ್ವರ ಬಂದರೆ, ಎಳನೀರಿನ ಜೊತೆಗೆ ಅವತ್ತೇ ಮೂತ್ರ ಪರೀಕ್ಷೆಯೂ ಆಗಬೇಕು. ಕಿಡ್ನಿ ಸೋಂಕಿಗೆ ಔಷಧಿ ಶುರುವಾಗುವುದು ತಡವಾದಷ್ಟೂ ಕಲೆ ಉಳಿಯುವ ಸಾಧ್ಯತೆ ಹೆಚ್ಚು.

ಗ್ರೇಡ್ ಅಂದರೇನು?

ರಿಫ್ಲಕ್ಸ್ ಎಷ್ಟು ಜೋರಾಗಿದೆ ಅನ್ನುವ ಅಳತೆ, ಒಂದರಿಂದ ಐದರವರೆಗೆ ಇದೆ. ಒಂದು ಅಂದರೆ ಮೂತ್ರ ನಾಳದೊಳಗೆ ಮಾತ್ರ ಹೋಗುತ್ತದೆ. ಎರಡರಲ್ಲಿ ಕಿಡ್ನಿವರೆಗೆ ಹೋಗುತ್ತದೆ, ಆದರೆ ಏನೂ ಉಬ್ಬಿರುವುದಿಲ್ಲ. ಮೂರರಿಂದ ಉಬ್ಬು ಶುರು. ಐದರಲ್ಲಿ ನಾಳ ದಪ್ಪಗಾಗಿ ಹಾವಿನ ಹಾಗೆ ಸುತ್ತಿಕೊಂಡಿರುತ್ತದೆ. ಒಂದು ಕಡೆ ಒಂದು ಗ್ರೇಡ್, ಇನ್ನೊಂದು ಕಡೆ ಬೇರೆ ಗ್ರೇಡ್ ಇರಬಹುದು.

ಎಂಸಿಯು ಟೆಸ್ಟ್ ಮಾಡಿಸಲೇಬೇಕಾ? ತುಂಬಾ ಹಿಂಸೆ ಅಂತಾರೆ.

ಗ್ರೇಡ್ ತಿಳಿಯಬೇಕಾದರೆ ಇದೇ ಟೆಸ್ಟ್. ಅಲ್ಟ್ರಾಸೌಂಡ್ ನಾರ್ಮಲ್ ಬಂದರೂ ರಿಫ್ಲಕ್ಸ್ ಇರಬಹುದು. ಎಂಸಿಯುನಲ್ಲಿ ಸಣ್ಣ ಕ್ಯಾತಿಟರ್ (ಮೂತ್ರದ ದಾರಿಯಲ್ಲಿ ಹಾಕುವ ತೆಳು ಟ್ಯೂಬ್) ಮೂಲಕ ಮೂತ್ರಕೋಶಕ್ಕೆ ಎಕ್ಸ್‌ರೇಯಲ್ಲಿ ಕಾಣುವ ದ್ರವ ತುಂಬುತ್ತಾರೆ. ಮಗು ಅಲ್ಲೇ ಉಚ್ಚೆ ಮಾಡಬೇಕು, ಆ ಹೊತ್ತಿಗೆ ಫಿಲ್ಮ್ ತೆಗೆಯುತ್ತಾರೆ. ಕ್ಯಾತಿಟರ್ ಹಾಕುವ ಕ್ಷಣ ಮಕ್ಕಳು ಅಳುತ್ತಾರೆ, ಸುಳ್ಳು ಹೇಳಿ ಪ್ರಯೋಜನವಿಲ್ಲ. ಮಾತು ತಿಳಿಯುವ ಮಗುವಾದರೆ ಏನಾಗುತ್ತದೆ ಎಂದು ಮೊದಲೇ ಹೇಳಿ. ‘ಏನೂ ಆಗಲ್ಲ, ಬರೀ ಫೋಟೋ’ ಎಂದು ಕರೆದುಕೊಂಡು ಹೋದರೆ ಆಮೇಲೆ ಆಸ್ಪತ್ರೆಯ ಗೇಟ್ ಕಂಡರೂ ಕಿರುಚುತ್ತವೆ. ಟೆಸ್ಟ್ ದಿನ ಮೂತ್ರದಲ್ಲಿ ಸೋಂಕು ಇರಬಾರದು, ಆಂಟಿಬಯಾಟಿಕ್ ರಕ್ಷಣೆಯನ್ನೂ ಕೊಡುತ್ತಾರೆ.

ಡಿಎಂಎಸ್‌ಎ ಸ್ಕ್ಯಾನ್ ಬೇರೆ. ಕಿಡ್ನಿಯಲ್ಲಿ ಕಲೆ ಇದೆಯಾ, ಎರಡು ಕಿಡ್ನಿಗಳು ಎಷ್ಟೆಷ್ಟು ಕೆಲಸ ಮಾಡುತ್ತಿವೆ ಎಂದು ತೋರಿಸುತ್ತದೆ. ಜ್ವರ ಬಿಟ್ಟ ಕೂಡಲೇ ಮಾಡಿಸಿದರೆ ತಾತ್ಕಾಲಿಕ ಊತವೂ ಕಲೆಯ ಹಾಗೇ ಕಾಣುತ್ತದೆ. ಅದಕ್ಕೇ ಕಲೆ ನೋಡುವುದಕ್ಕೆ ನಾಲ್ಕರಿಂದ ಆರು ತಿಂಗಳು ಬಿಟ್ಟು ಮಾಡಿಸುತ್ತಾರೆ. ನನ್ನ ಕೇಳಿದರೆ ಆಪರೇಷನ್ ಬೇಕೋ ಬೇಡವೋ ಅನ್ನುವ ಮಾತುಕತೆಗೆ ಗ್ರೇಡಿಗಿಂತ ಈ ಸ್ಕ್ಯಾನಿನ ರಿಪೋರ್ಟೇ ಹೆಚ್ಚು ತೂಕದ್ದು.

ಗ್ರೇಡ್ ನಾಲ್ಕು ಇದೆ. ಹಾಗಾದರೆ ಆಪರೇಷನ್ ಆಗಲೇಬೇಕಾ?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು. ಉತ್ತರ: ಬರೀ ಗ್ರೇಡ್ ನೋಡಿ ಹೇಳಲಾಗುವುದಿಲ್ಲ.

ಮಗು ಬೆಳೆದಂತೆ ಮೂತ್ರಕೋಶದ ಗೋಡೆಯೂ ಬೆಳೆಯುತ್ತದೆ, ಆ ಓರೆ ದಾರಿ ತಾನೇ ಉದ್ದವಾಗುತ್ತದೆ. ಒಂದು-ಎರಡನೇ ಗ್ರೇಡಿನಲ್ಲಿ ಐದು ವರ್ಷದೊಳಗೆ ನೂರಕ್ಕೆ ಸುಮಾರು ಎಂಬತ್ತು ಮಕ್ಕಳಿಗೆ ತಾನಾಗಿಯೇ ಹೋಗುತ್ತದೆ. ಗ್ರೇಡ್ ಏರಿದಷ್ಟೂ ಈ ಅದೃಷ್ಟ ಕಮ್ಮಿ, ಐದರಲ್ಲಂತೂ ಬಹಳ ಕಮ್ಮಿ. ಆದರೂ ವರ್ಷ ತುಂಬದ ಗಂಡುಮಕ್ಕಳಲ್ಲಿ ದೊಡ್ಡ ಗ್ರೇಡ್ ಕೂಡ ಇಳಿದದ್ದುಂಟು.

ಹಾಗಾದರೆ ಯಾವಾಗ ಬೇಕು? ಸೋಂಕು ಬಾರದಿರಲಿ ಎಂದು ದಿನಾ ಆಂಟಿಬಯಾಟಿಕ್ ಕೊಡುತ್ತಿದ್ದರೂ ಮತ್ತೆ ಮತ್ತೆ ಜ್ವರದ ಸೋಂಕು ಬರುತ್ತಿದ್ದರೆ. ಹೊಸ ಸ್ಕ್ಯಾನಿನಲ್ಲಿ ಹೊಸ ಕಲೆ ಕಂಡರೆ, ಅಥವಾ ಒಂದು ಕಿಡ್ನಿಯ ಪಾಲು ಇಳಿಯುತ್ತಾ ಹೋದರೆ. ಮಗುವಿಗೆ ಔಷಧಿ ಒಗ್ಗದಿದ್ದರೆ, ಇಲ್ಲವೇ ಮನೆಯ ಪರಿಸ್ಥಿತಿಯಲ್ಲಿ ವರ್ಷಗಟ್ಟಲೆ ತಪ್ಪದೆ ಕೊಡುವುದು ಆಗದಿದ್ದರೆ. ಇದನ್ನು ಡಾಕ್ಟರ್ ಹತ್ತಿರ ಹೇಳಲು ನಾಚಿಕೆ ಬೇಡ. ಗ್ರೇಡ್ ನಾಲ್ಕೋ ಐದೋ ಇದ್ದು, ಮಗು ದೊಡ್ಡದಾಗುತ್ತಿದ್ದು, ವರ್ಷಗಳಾದರೂ ಇಳಿಯದೆ ಇದ್ದಾಗಲೂ ಆಪರೇಷನ್ ಮಾತು ಬರುತ್ತದೆ.

ಗ್ರೇಡ್ ನಾಲ್ಕಿದ್ದೂ ಒಂದೇ ಒಂದು ಸಲ ಜ್ವರ ಬಂದು, ಕಿಡ್ನಿ ಚೆನ್ನಾಗಿದ್ದರೆ ಕಾಯಬಹುದು. ಗ್ರೇಡ್ ಮೂರೇ ಇದ್ದು ಪದೇ ಪದೇ ಆಸ್ಪತ್ರೆ ಸೇರುತ್ತಿದ್ದರೆ ಕಾಯುವುದರಲ್ಲಿ ಅರ್ಥವಿಲ್ಲ. ಡಾಕ್ಟರ್ ಬರೀ ಗ್ರೇಡ್ ಹೇಳಿ ದಿನಾಂಕ ಕೊಟ್ಟರೆ, ‘ಯಾಕೆ ಈಗಲೇ ಸರ್?’ ಎಂದು ಕೇಳಿ. ಒಳ್ಳೆಯ ಸರ್ಜನ್ ಆ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಅಷ್ಟು ವರ್ಷ ಆಂಟಿಬಯಾಟಿಕ್ ಕೊಟ್ಟರೆ ಮಗುವಿಗೆ ಏನೂ ಆಗಲ್ವಾ?

ಇದು ಪೂರ್ತಿ ಡೋಸ್ ಅಲ್ಲ, ರಾತ್ರಿ ಮಲಗುವಾಗ ಕೊಡುವ ಸಣ್ಣ ಡೋಸ್. ಚಿಕ್ಕ ಕೂಸಿಗೆ ಸಾಮಾನ್ಯವಾಗಿ ಸೆಫಲೆಕ್ಸಿನ್, ಆಮೇಲೆ ಕೋಟ್ರೈಮಾಕ್ಸಜೋಲ್ ಅಥವಾ ನೈಟ್ರೋಫ್ಯುರಾಂಟಾಯಿನ್. ಅಮೆರಿಕದಲ್ಲಿ 607 ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ರಿವರ್ ಎಂಬ ಅಧ್ಯಯನದಲ್ಲಿ, ದಿನಾ ಔಷಧಿ ತೆಗೆದುಕೊಂಡವರಲ್ಲಿ ಮತ್ತೆ ಸೋಂಕು ಬಂದದ್ದು ಸುಮಾರು ಅರ್ಧಕ್ಕೆ ಇಳಿಯಿತು. ಆದರೆ ಎರಡು ವರ್ಷದ ಕೊನೆಗೆ ಕಿಡ್ನಿ ಕಲೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಔಷಧಿ ತೆಗೆದುಕೊಂಡವರಿಗೆ ಮತ್ತೆ ಸೋಂಕು ಬಂದಾಗ ಅದು ಆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಆಗಿದ್ದದ್ದೂ ಜಾಸ್ತಿ. ಉಪಯೋಗ ಇದೆ, ಬೆಲೆಯೂ ಇದೆ ಅನ್ನಿ. ಔಷಧಿಯನ್ನು ನೀವಾಗಿ ನಿಲ್ಲಿಸಬೇಡಿ. ನಾಲ್ಕು ದಿನ ಕೊಟ್ಟು ಮೂರು ದಿನ ಮರೆಯುವುದು ಎಲ್ಲದಕ್ಕಿಂತ ಕೆಟ್ಟದ್ದು.

ಆಪರೇಷನ್ ಮಾಡಿಸಿದರೆ ಕಿಡ್ನಿ ಮೊದಲಿನ ಹಾಗೆ ಆಗುತ್ತಾ?

ಆಗುವುದಿಲ್ಲ. ಇದನ್ನು ಆಪರೇಷನ್‌ಗೆ ಮುಂಚೆಯೇ ಅರ್ಥಮಾಡಿಕೊಂಡರೆ ಆಮೇಲೆ ಬೇಜಾರಾಗುವುದಿಲ್ಲ.

ಆಪರೇಷನ್ ವಾಪಸ್ ಹರಿವನ್ನು ನಿಲ್ಲಿಸುತ್ತದೆ. ಅದರಿಂದ ಕಿಡ್ನಿ ಸೋಂಕಿನ ಜ್ವರ ಗಣನೀಯವಾಗಿ ಕಡಿಮೆಯಾಗುತ್ತದೆ. ಈಗಾಗಲೇ ಆಗಿರುವ ಕಲೆ ಮಾತ್ರ ಅಲ್ಲೇ ಇರುತ್ತದೆ. 1980ರ ದಶಕದಲ್ಲಿ ಯುರೋಪಿನಲ್ಲೂ ಅಮೆರಿಕದಲ್ಲೂ ದೊಡ್ಡ ಗ್ರೇಡಿನ ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಔಷಧಿ, ಇನ್ನೊಂದಕ್ಕೆ ಆಪರೇಷನ್ ಎಂದು ವರ್ಷಗಟ್ಟಲೆ ಗಮನಿಸಿದರು. ಜ್ವರದ ಸೋಂಕು ಆಪರೇಷನ್ ಗುಂಪಿನಲ್ಲಿ ಕಮ್ಮಿ ಇತ್ತು. ಹೊಸ ಕಲೆ, ಕಿಡ್ನಿಯ ಕೆಲಸ, ಇವೆರಡರಲ್ಲಿ ಎರಡೂ ಗುಂಪು ಹೆಚ್ಚುಕಮ್ಮಿ ಒಂದೇ ಇದ್ದವು.

ಆದ್ದರಿಂದ ‘ಕಿಡ್ನಿ ಉಳಿಸಲು ಈ ವಾರವೇ ಆಪರೇಷನ್ ಮಾಡಿಸಬೇಕು’ ಎಂದು ಯಾರಾದರೂ ಹೆದರಿಸಿದರೆ, ಉಸಿರು ಬಿಟ್ಟು ಇನ್ನೊಬ್ಬರ ಅಭಿಪ್ರಾಯ ಕೇಳಲು ಸಮಯ ಇದೆ. ಹುಟ್ಟಿನಿಂದ ಬಂದ ರಿಫ್ಲಕ್ಸ್‌ಗೆ ರಾತ್ರೋರಾತ್ರಿ ಮಾಡಬೇಕಾದ ಆಪರೇಷನ್ ಬಹಳ ಅಪರೂಪ. ಕಲೆ ಇರುವ ಮಕ್ಕಳಿಗೆ ಆಪರೇಷನ್ ಯಶಸ್ವಿಯಾದರೂ ವರ್ಷಕ್ಕೊಮ್ಮೆ ಬಿಪಿ, ಮೂತ್ರದಲ್ಲಿ ಪ್ರೊಟೀನ್, ಎತ್ತರ-ತೂಕ ನೋಡಿಸುತ್ತಲೇ ಇರಬೇಕು. ಮಕ್ಕಳಿಗೆ ಬಿಪಿ ಏನು ನೋಡುವುದು ಎಂದು ಕೆಲವು ಕಡೆ ನಗುತ್ತಾರೆ. ನಗಲಿ ಬಿಡಿ, ನೋಡಿಸಿ.

ಆಪರೇಷನ್‌ನಲ್ಲಿ ಏನು ಮಾಡುತ್ತಾರೆ?

ದೊಡ್ಡ ಆಪರೇಷನ್‌ಗೆ ರೀಇಂಪ್ಲಾಂಟ್ ಅನ್ನುತ್ತಾರೆ. ಬಿಕಿನಿ ಗೆರೆಯಲ್ಲಿ, ಅಂದರೆ ಚಡ್ಡಿಯೊಳಗೆ ಮುಚ್ಚಿಹೋಗುವ ಜಾಗದಲ್ಲಿ, ಅಡ್ಡಕ್ಕೆ ಸಣ್ಣ ಗಾಯ ಮಾಡಿ ಮೂತ್ರಕೋಶವನ್ನು ತೆರೆಯುತ್ತಾರೆ. ನಾಳದ ತುದಿಯನ್ನು ಬಿಡಿಸಿಕೊಂಡು, ಒಳಪದರದ ಕೆಳಗೆ ಹೊಸದಾಗಿ ಉದ್ದನೆಯ ದಾರಿ ಕೊರೆದು, ಅದರಲ್ಲಿ ತೂರಿಸಿ ಹೊಲಿಯುತ್ತಾರೆ. 1958ರಲ್ಲಿ ಪೊಲಿಟಾನೊ ಮತ್ತು ಲೆಡ್‌ಬೆಟರ್ ಒಂದು ವಿಧಾನ ಹೇಳಿದರು. ಮಕ್ಕಳಲ್ಲಿ ಹೆಚ್ಚು ಬಳಕೆಗೆ ಬಂದದ್ದು 1975ರ ಕೋಹೆನ್ ವಿಧಾನ. ಇದರಲ್ಲಿ ನಾಳವನ್ನು ಮೂತ್ರಕೋಶದ ಹಿಂಗೋಡೆಯ ಮೇಲೆ ಅಡ್ಡಕ್ಕೆ ಎದುರು ದಿಕ್ಕಿಗೆ ಒಯ್ಯುತ್ತಾರೆ, ಎಡಗಡೆ ನಾಳದ ಬಾಯಿ ಬಲಕ್ಕೆ ಬರುತ್ತದೆ.

ಮೂತ್ರಕೋಶವನ್ನು ತೆರೆಯದೆಯೂ ಮಾಡಬಹುದು. ಲಿಕ್ 1961ರಲ್ಲಿ, ಗ್ರೆಗ್ವಾರ್ 1964ರಲ್ಲಿ ಹೇಳಿದ ವಿಧಾನದಲ್ಲಿ ಹೊರಗಿನಿಂದ ಸ್ನಾಯು ಪದರವನ್ನು ಸೀಳಿ, ಆ ಕಾಲುವೆಯಲ್ಲಿ ನಾಳವನ್ನು ಮಲಗಿಸಿ ಮೇಲೆ ಸ್ನಾಯು ಮುಚ್ಚುತ್ತಾರೆ. ಮೂತ್ರದಲ್ಲಿ ರಕ್ತ, ಮೂತ್ರಕೋಶ ಹಿಡಿದುಕೊಂಡ ಹಾಗಾಗುವ ನೋವು ಇದರಲ್ಲಿ ಕಮ್ಮಿ. ಆದರೆ ಎರಡೂ ಕಡೆ ಒಟ್ಟಿಗೆ ಮಾಡಿದಾಗ ಅಲ್ಲಿನ ನರಗಳಿಗೆ ಪೆಟ್ಟಾಗಿ ಕೆಲವು ಮಕ್ಕಳಿಗೆ ಸ್ವಲ್ಪ ದಿನ ಮೂತ್ರ ಪೂರ್ತಿ ಖಾಲಿ ಮಾಡಲು ಆಗದೆ ಇರಬಹುದು. ಎರಡು ಕಡೆ ರಿಫ್ಲಕ್ಸ್ ಇದ್ದರೆ ಇದನ್ನು ಕೇಳಿಕೊಳ್ಳಿ.

ತೆರೆದ ರೀಇಂಪ್ಲಾಂಟ್ ಒಟ್ಟಾರೆ ನೂರಕ್ಕೆ 95ಕ್ಕಿಂತ ಹೆಚ್ಚು ಸಲ ಯಶಸ್ವಿ. ಐದನೇ ಗ್ರೇಡಿನಲ್ಲಿ ಮಾತ್ರ ಸುಮಾರು 80ಕ್ಕೆ ಇಳಿಯುತ್ತದೆ. ಅಲ್ಲಿ ನಾಳವೇ ತುಂಬಾ ದಪ್ಪ ಇರುವುದರಿಂದ ಕೆಲವೊಮ್ಮೆ ಅದನ್ನು ಸಣ್ಣ ಮಾಡಿ ಕೂರಿಸಬೇಕಾಗುತ್ತದೆ.

ಇಂಜೆಕ್ಷನ್‌ನಲ್ಲೇ ಆಗುತ್ತಂತಲ್ಲ? ಹೊಟ್ಟೆ ಯಾಕೆ ಕೊಯ್ಯಬೇಕು?

ಆಗುತ್ತದೆ, ಎಲ್ಲರಿಗೂ ಅಲ್ಲ. ಮೂತ್ರ ಹೊರಬರುವ ದಾರಿಯಿಂದಲೇ ಸಣ್ಣ ಕ್ಯಾಮೆರಾ ಕಳಿಸಿ, ಯುರೇಟರಿನ ಬಾಯಿಯ ಕೆಳಗೆ ಜೆಲ್ ಚುಚ್ಚಿ ಉಬ್ಬಿಸುತ್ತಾರೆ. ಗಾಯವಿಲ್ಲ, ಹೊಲಿಗೆಯಿಲ್ಲ, ಸಾಮಾನ್ಯವಾಗಿ ಅವತ್ತೇ ಮನೆಗೆ. ಡಬ್ಲಿನ್ ನಗರದ ಬ್ಯಾರಿ ಓಡೊನೆಲ್ ಮತ್ತು ಪ್ರೇಮ್ ಪುರಿ 1984ರಲ್ಲಿ ಟೆಫ್ಲಾನ್ ಬಳಸಿ ಇದನ್ನು ಮಾಡಿ ತೋರಿಸಿದರು. ಟೆಫ್ಲಾನ್ ಕಣಗಳು ದೇಹದಲ್ಲಿ ಬೇರೆ ಕಡೆ ಹೋಗಬಹುದೆಂಬ ಭಯದಿಂದ ಅದನ್ನು ಬಿಟ್ಟರು. 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಡಿಫ್ಲಕ್ಸ್ ಎಂಬ ಜೆಲ್ ಬಂದಮೇಲೆ ಇದು ಜನಪ್ರಿಯವಾಯಿತು.

ಐದು ಸಾವಿರಕ್ಕೂ ಹೆಚ್ಚು ಮಕ್ಕಳ ಫಲಿತಾಂಶ ಒಟ್ಟುಗೂಡಿಸಿದ 2006ರ ಒಂದು ಲೆಕ್ಕದಲ್ಲಿ, ಒಂದು ಇಂಜೆಕ್ಷನ್‌ಗೆ ರಿಫ್ಲಕ್ಸ್ ಹೋದದ್ದು ಒಂದು-ಎರಡನೇ ಗ್ರೇಡಿನಲ್ಲಿ ನೂರಕ್ಕೆ ಸುಮಾರು 78, ಮೂರರಲ್ಲಿ 72, ನಾಲ್ಕರಲ್ಲಿ 63, ಐದರಲ್ಲಿ 51. ಅಂದರೆ ತಾನಾಗಿ ಹೋಗುವ ಸಣ್ಣ ಗ್ರೇಡಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ನಿಜಕ್ಕೂ ಬೇಕಾದ ದೊಡ್ಡ ಗ್ರೇಡಿಗೆ ಅಷ್ಟಕ್ಕಷ್ಟೆ. ಈ ವಿಪರ್ಯಾಸವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮೊದಲು ಸರಿಹೋಗಿ ಆಮೇಲೆ ಮರಳಿ ಬರುವುದೂ ಇದೆ: 2010ರಲ್ಲಿ ಪ್ರಕಟವಾದ ಸ್ವೀಡನ್ ಅಧ್ಯಯನದಲ್ಲಿ ಇಂಜೆಕ್ಷನ್ ಆದ ಐವರಲ್ಲಿ ಒಬ್ಬರಿಗೆ ಎರಡು ವರ್ಷದಲ್ಲಿ ಉಬ್ಬಿಸುವಂಥ (ಗ್ರೇಡ್ ಮೂರು ಅಥವಾ ಅದಕ್ಕಿಂತ ಹೆಚ್ಚಿನ) ರಿಫ್ಲಕ್ಸ್ ವಾಪಸ್ ಬಂದಿತ್ತು. ಅದೇ ಅಧ್ಯಯನದಲ್ಲಿ ಸುಮ್ನೆ ಗಮನಿಸುತ್ತಾ ಇದ್ದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಮಂದಿಗೆ ಮತ್ತೆ ಜ್ವರದ ಸೋಂಕು ಬಂದರೆ, ಇಂಜೆಕ್ಷನ್ ಆದವರಲ್ಲಿ 23, ದಿನಾ ಔಷಧಿ ತೆಗೆದುಕೊಂಡವರಲ್ಲಿ 19.

ಮೂರನೇ ಗ್ರೇಡ್, ಪದೇ ಪದೇ ಜ್ವರ, ಕಿಡ್ನಿ ಪರವಾಗಿಲ್ಲ, ಇಂಥ ಮಗುವಿಗೆ ಮೊದಲು ಇಂಜೆಕ್ಷನ್ ನೋಡುವುದು ನನಗೆ ಸರಿ ಅನ್ನಿಸುತ್ತದೆ. ಫಲಿಸದಿದ್ದರೆ ದೊಡ್ಡ ಆಪರೇಷನ್‌ನ ದಾರಿ ಮುಚ್ಚಿಹೋಗುವುದಿಲ್ಲ. ಜೆಲ್ ದುಬಾರಿ, ಎರಡನೇ ಸಲ ಬೇಕಾದರೆ ಖರ್ಚು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಮೊದಲೇ ಕೇಳಿ.

ಲ್ಯಾಪರೋಸ್ಕೋಪಿ, ರೋಬೋಟ್ ಉತ್ತಮವಾ?

ಗಾಯ ಸಣ್ಣದು, ದೊಡ್ಡ ಮಕ್ಕಳಲ್ಲಿ ನೋವೂ ಕಮ್ಮಿ. ಆದರೆ ಚಿಕ್ಕ ಮಗುವಿಗೆ ತೆರೆದ ಆಪರೇಷನ್‌ನ ಗಾಯವೇ ಪುಟ್ಟದಿರುತ್ತದೆ, ಹಾಗಾಗಿ ಲಾಭ ಅಷ್ಟೇನಿಲ್ಲ. ಯಂತ್ರಕ್ಕಿಂತ ಕೈ ಮುಖ್ಯ. ಈ ಆಪರೇಷನ್ ನೀವು ಎಷ್ಟು ಮಾಡುತ್ತೀರಿ ಎಂದು ಕೇಳಿ.

ಮಲಬದ್ಧತೆಗೂ ಇದಕ್ಕೂ ಏನು ಸಂಬಂಧ?

ಬಹಳ ಇದೆ. ಇಡೀ ಬರಹದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಗುದನಾಳ ತುಂಬಿಕೊಂಡಿದ್ದರೆ ಅದು ಮುಂದಿರುವ ಮೂತ್ರಕೋಶವನ್ನು ಒತ್ತುತ್ತದೆ. ಮೂತ್ರ ಪೂರ್ತಿ ಖಾಲಿಯಾಗುವುದಿಲ್ಲ, ಉಳಿದದ್ದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಮೂತ್ರ ತಡೆದು ತಡೆದು ಇಡುವ ಮಕ್ಕಳಲ್ಲಿ ಮೂತ್ರಕೋಶದ ಒಳಗಿನ ಒತ್ತಡ ಏರಿ ರಿಫ್ಲಕ್ಸ್ ಇನ್ನೂ ಜೋರಾಗುತ್ತದೆ. ಅಮೆರಿಕದ ಯುರಾಲಜಿಸ್ಟರ ಸಂಘ 2010ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಲೆಕ್ಕದಲ್ಲಿ, ಮಲಬದ್ಧತೆ, ಮೂತ್ರ ತಡೆಯುವ ತೊಂದರೆ ಇರುವ ರಿಫ್ಲಕ್ಸ್ ಮಕ್ಕಳಲ್ಲಿ ಚಿಕಿತ್ಸೆಯ ನಂತರವೂ ಸೋಂಕು ಬಂದದ್ದು ನೂರಕ್ಕೆ 22, ಇಲ್ಲದವರಲ್ಲಿ ಬರೀ 5. ಇದನ್ನು ಸರಿಮಾಡದೆ ಆಪರೇಷನ್ ಮಾಡಿಸಿದರೆ ದುಡ್ಡೂ ಹೋಯಿತು, ಜ್ವರವೂ ಉಳಿಯಿತು.

ಹೇಗೆ ಗುರುತಿಸುವುದು? ಚಡ್ಡಿ ಆಗಾಗ ಒದ್ದೆ, ಕಾಲು ಕತ್ತರಿ ಹಾಕಿ ನಿಲ್ಲುವುದು, ಹಿಮ್ಮಡಿ ಮೇಲೆ ಕೂರುವುದು, ಎರಡು-ಮೂರು ದಿನಕ್ಕೊಮ್ಮೆ ಗಟ್ಟಿ ಕಕ್ಕ. ಶಾಲೆಯಲ್ಲಿ ಟಾಯ್ಲೆಟ್ ಗಲೀಜು ಎಂದು ಬೆಳಗ್ಗೆಯಿಂದ ಸಂಜೆವರೆಗೆ ಹೋಗದೆ ಇರುವ, ಹೋಗಬೇಕಾಗುತ್ತದೆಂದು ನೀರೇ ಕುಡಿಯದೆ ಬಾಟಲಿ ತುಂಬಿದ್ದು ತುಂಬಿದ್ದ ಹಾಗೇ ವಾಪಸ್ ತರುವ ಹೆಣ್ಣುಮಕ್ಕಳು ಎಷ್ಟಿಲ್ಲ ಹೇಳಿ. ಟೀಚರ್ ಹತ್ತಿರ ಹೋಗಿ, ಡಾಕ್ಟರ್ ಚೀಟಿ ತೋರಿಸಿ, ಕೇಳಿದಾಗೆಲ್ಲ ಬಿಡುವಂತೆ ಮಾತಾಡಿ. ಈ ಕೆಲಸಕ್ಕೆ ಸರ್ಜನ್ ಬರಲಾರರು, ನೀವೇ ಹೋಗಬೇಕು.

ಎರಡು-ಮೂರು ಗಂಟೆಗೊಮ್ಮೆ ಬರಲಿ ಬರದಿರಲಿ ಒಂದಕ್ಕೆ ಕೂರಿಸಿ. ಕಮೋಡ್ ಆದರೆ ಕಾಲ ಕೆಳಗೆ ಸ್ಟೂಲ್ ಇಡಿ, ಕಾಲು ನೇತಾಡಿದರೆ ಸ್ನಾಯು ಸಡಿಲವಾಗುವುದಿಲ್ಲ. ಆದಮೇಲೆ ಎದ್ದು ಒಂದೆರಡು ನಿಮಿಷ ಬಿಟ್ಟು ಮತ್ತೆ ಕೂರಿಸಿ. ಕಕ್ಕ ಮೆತ್ತಗಾಗಲು ಡಾಕ್ಟರ್ ಲ್ಯಾಕ್ಟುಲೋಸ್ ಸಿರಪ್ಪೋ ಪಿಇಜಿ ಪುಡಿಯೋ ಕೊಟ್ಟರೆ ತಿಂಗಳುಗಟ್ಟಲೆ ಕೊಡಬೇಕಾಗಬಹುದು, ಎರಡು ದಿನ ಸರಿಹೋಯಿತೆಂದು ನಿಲ್ಲಿಸಬೇಡಿ.

ಮಗುವಿಗೆ ಇನ್ನೂ ವರ್ಷ ತುಂಬಿಲ್ಲ. ಈಗಲೇ ಮಾಡುತ್ತಾರಾ?

ಸಾಮಾನ್ಯವಾಗಿ ಕಾಯುತ್ತಾರೆ. ಮೂತ್ರಕೋಶ ಪುಟ್ಟದು, ನಾಳ ದಪ್ಪ, ಉದ್ದ ದಾರಿ ಕೊರೆಯಲು ಜಾಗವೇ ಇರುವುದಿಲ್ಲ. ಔಷಧಿಗೆ ಬಗ್ಗದ ಸೋಂಕು ಪದೇ ಪದೇ ಬಂದರೆ ಹೊಟ್ಟೆಯ ಕೆಳಭಾಗದಲ್ಲಿ ತಾತ್ಕಾಲಿಕ ಕಿಂಡಿ ಮಾಡಿ ಮೂತ್ರ ಡೈಪರಿಗೆ ಸೋರುವಂತೆ ಬಿಡುವುದುಂಟು. ನೋಡಲು ಗಾಬರಿಯಾಗುತ್ತದೆ, ಆದರೆ ಕೂಸು ಹಾಯಾಗಿ ತೂಕ ಹಾಕುತ್ತದೆ. ಆಮೇಲೆ ಮುಚ್ಚುತ್ತಾರೆ.

ಗಂಡುಮಗು. ಡಾಕ್ಟರ್ ಬೇರೆ ಏನೋ ‘ವಾಲ್ವ್’ ಅಂದರು.

ಅದು ಬೇರೆ ಕಥೆ. ಮೂತ್ರ ಹೊರಬರುವ ದಾರಿಯಲ್ಲೇ ಅಡ್ಡ ಪೊರೆ ಇರುವ ತೊಂದರೆ, ಗಂಡುಮಕ್ಕಳಿಗೆ ಮಾತ್ರ ಬರುತ್ತದೆ. ಅಡ್ಡ ಇರುವುದರಿಂದ ಒತ್ತಡ ಏರಿ ರಿಫ್ಲಕ್ಸ್ ಆಗುತ್ತದೆ. ಮೊದಲು ಕ್ಯಾಮೆರಾದಲ್ಲಿ ಆ ಪೊರೆ ಸುಡುತ್ತಾರೆ, ಆಮೇಲೆ ಎಷ್ಟೋ ಮಕ್ಕಳಲ್ಲಿ ರಿಫ್ಲಕ್ಸ್ ತಾನೇ ಇಳಿಯುತ್ತದೆ. ಬೆನ್ನುಹುರಿ ತೊಂದರೆ ಇರುವ ಮಕ್ಕಳಲ್ಲೂ ಹೀಗೇ, ಮೂತ್ರಕೋಶದ ಒತ್ತಡ ಇಳಿಸದೆ ನಾಳಕ್ಕೆ ಕೈಹಾಕಿದರೆ ಕೆಡುತ್ತದೆ. ಅವರಿಗೆ ದಿನಕ್ಕೆ ಇಷ್ಟು ಸಲ ಎಂದು ಕ್ಯಾತಿಟರಿನಲ್ಲಿ ಖಾಲಿ ಮಾಡುವುದೇ ಮುಖ್ಯ ಚಿಕಿತ್ಸೆ.

ಗಂಡುಮಕ್ಕಳಿಗೆ ಮುಂದೊಗಲು ತೆಗೆಸಲು ಹೇಳುತ್ತಾರೆ ಕೂಡ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಸುನ್ನತಿ ಅಂದ ಕೂಡಲೇ ‘ನಮ್ಮಲ್ಲಿ ಇಲ್ಲ’ ಅನ್ನುತ್ತಾರೆ. ಇದು ವೈದ್ಯಕೀಯ ಕಾರಣಕ್ಕೆ. ದೊಡ್ಡ ಗ್ರೇಡ್ ರಿಫ್ಲಕ್ಸ್ ಇರುವ ನಾಲ್ಕು ಹುಡುಗರಿಗೆ ಮಾಡಿದರೆ ಒಂದು ಸೋಂಕು ತಪ್ಪುತ್ತದೆ ಎಂಬ ಅಂದಾಜಿದೆ. ತೊಂದರೆ ಏನೂ ಇಲ್ಲದ ಹುಡುಗರಲ್ಲಿ ಅದೇ ಲೆಕ್ಕ 111.

ಆಪರೇಷನ್‌ಗೆ ಮುಂಚೆ ಏನು ತಯಾರಿ?

ಯೂರಿನ್ ಕಲ್ಚರ್‌ನಲ್ಲಿ ಸೋಂಕು ಇರಬಾರದು, ಇದ್ದರೆ ದಿನಾಂಕ ಮುಂದೆ ಹೋಗುತ್ತದೆ. ನೆಗಡಿ-ಜ್ವರ ಇದ್ದರೆ ಮುಚ್ಚಿಡದೆ ಅರಿವಳಿಕೆ ಡಾಕ್ಟರಿಗೆ ಹೇಳಿ. ಹಾಲು, ತಿಂಡಿ ಆರು ಗಂಟೆ ಮುಂಚೆ, ಎದೆಹಾಲು ನಾಲ್ಕು ಗಂಟೆ ಮುಂಚೆ ನಿಲ್ಲಿಸಬೇಕು. ಅಜ್ಜಿ ಕನಿಕರಪಟ್ಟು ಒಂದು ಬಿಸ್ಕತ್ತು ಕೊಟ್ಟರೂ ಆಪರೇಷನ್ ಕ್ಯಾನ್ಸಲ್ ಆಗುತ್ತದೆ.

ಆಸ್ಪತ್ರೆಯಲ್ಲಿ ಎಷ್ಟು ದಿನ? ಆ ಪೈಪುಗಳೆಲ್ಲ ಏನು?

ತೆರೆದ ಆಪರೇಷನ್‌ಗೆ ಸಾಮಾನ್ಯವಾಗಿ ಎರಡರಿಂದ ಐದು ದಿನ, ಪೈಪ್ ಇಟ್ಟರೆ ಇನ್ನೂ ಸ್ವಲ್ಪ ಜಾಸ್ತಿ. ಮಗು ಹೊರಗೆ ಬಂದಾಗ ಮೂತ್ರದ ಕ್ಯಾತಿಟರ್ ಇರುತ್ತದೆ. ಕೆಲವು ಸರ್ಜನ್‌ಗಳು ಹೊಲಿದ ನಾಳ ಊದಿಕೊಂಡು ಮುಚ್ಚದಿರಲಿ ಎಂದು ಅದರೊಳಗೂ ಸಣ್ಣ ಟ್ಯೂಬ್ ಬಿಡುತ್ತಾರೆ. ಅದರ ತುದಿ ಹೊರಗಿದ್ದರೆ ಕೆಲವು ದಿನದ ಮೇಲೆ ಹಾಸಿಗೆಯಲ್ಲೇ ಎಳೆದು ತೆಗೆಯುತ್ತಾರೆ. ಡಿಜೆ ಸ್ಟೆಂಟ್ ಎಂಬ ಟ್ಯೂಬನ್ನು ಪೂರ್ತಿ ಒಳಗೇ ಬಿಟ್ಟಿದ್ದರೆ ಕೆಲವು ವಾರದ ನಂತರ ಮತ್ತೆ ಅರಿವಳಿಕೆ ಕೊಟ್ಟು ತೆಗೆಯಬೇಕು. ಡಿಸ್ಚಾರ್ಜ್ ಆಗುವಾಗ ಸ್ಟೆಂಟ್ ಇದೆಯಾ, ತೆಗೆಯುವ ದಿನ ಯಾವುದು ಎಂದು ಬರೆಸಿಕೊಳ್ಳಿ. ಮರೆತು ತಿಂಗಳುಗಟ್ಟಲೆ ಒಳಗೇ ಉಳಿದ ಸ್ಟೆಂಟಿನ ಮೇಲೆ ಕಲ್ಲು ಕಟ್ಟುತ್ತದೆ.

ಮೂತ್ರ ಕೆಂಪಗೆ ಬರುತ್ತದೆ, ಹೆದರಬೇಡಿ, ಕೆಲವು ದಿನಕ್ಕೆ ತಿಳಿಯಾಗುತ್ತದೆ. ಗಾಯದ ನೋವಿಗಿಂತ ಮಕ್ಕಳನ್ನು ಹೈರಾಣ ಮಾಡುವುದು ಮೂತ್ರಕೋಶದ ಹಿಡಿತ. ಸುಮ್ಮನೆ ಮಲಗಿದ್ದ ಮಗು ತಟ್ಟನೆ ಕಾಲು ಮಡಚಿ ಕಿರುಚಿ, ಒಂದು ನಿಮಿಷಕ್ಕೆ ಮತ್ತೆ ಸುಮ್ಮನಾಗುತ್ತದೆ. ಇದಕ್ಕೆ ಆಕ್ಸಿಬ್ಯುಟಿನಿನ್ ಎಂಬ ಬೇರೆ ಔಷಧಿ ಇದೆ, ಪ್ಯಾರಾಸಿಟಮಾಲ್ ಮಾತ್ರ ಕೊಡುತ್ತಿದ್ದರೆ ನರ್ಸ್‌ಗೆ ಹೇಳಿ. ಆ ಔಷಧಿ ಮಲಬದ್ಧತೆ ಮಾಡುತ್ತದೆ, ಅದನ್ನೂ ನೆನಪಿಡಿ.

ಮನೆಗೆ ಬಂದಮೇಲೆ ಯಾವಾಗ ಓಡಬೇಕು?

ಜ್ವರ ಬಂದರೆ, ಮೂತ್ರ ನಿಂತುಹೋದರೆ, ರಕ್ತದ ಗಡ್ಡೆಗಳು ಬಂದರೆ, ಪಕ್ಕೆ ನೋವಿನ ಜೊತೆ ವಾಂತಿಯಾದರೆ ಅವತ್ತೇ ಹೋಗಿ, ಅಪಾಯಿಂಟ್‌ಮೆಂಟ್ ಕಾಯಬೇಡಿ. ಜ್ವರಕ್ಕೆ ಮನೆಯಲ್ಲಿರುವ ಮೆಫೆನಮಿಕ್ ಆಸಿಡ್ ಅಥವಾ ಐಬುಪ್ರೊಫೇನ್ ಸಿರಪ್‌ಗಳನ್ನು ಡಾಕ್ಟರನ್ನು ಕೇಳದೆ ಹಾಕಬೇಡಿ, ಕಲೆ ಇರುವ ಕಿಡ್ನಿಗೆ ಅವು ಒಳ್ಳೆಯದಲ್ಲ. ಸೈಕಲ್, ಕುಣಿತ, ಮರ ಹತ್ತುವುದು ಸರ್ಜನ್ ಹೇಳುವವರೆಗೆ ಬೇಡ. ಆಂಟಿಬಯಾಟಿಕ್ ಮುಂದುವರಿಯುತ್ತದೆ. ಒಂದರಿಂದ ಮೂರು ತಿಂಗಳಲ್ಲಿ ಅಲ್ಟ್ರಾಸೌಂಡ್ ಮಾಡಿಸುತ್ತಾರೆ, ಶುರುವಿನಲ್ಲಿ ಕಿಡ್ನಿ ಸ್ವಲ್ಪ ಉಬ್ಬಿದ ಹಾಗೆ ಕಂಡರೆ ಸಹಜ. ಇಂಜೆಕ್ಷನ್ ಆದವರಿಗೆ ಮತ್ತೊಮ್ಮೆ ಎಂಸಿಯು ಇರುವುದು ಹೆಚ್ಚು. ತೆರೆದ ಆಪರೇಷನ್ ಆದಮೇಲೆ ಎಲ್ಲರೂ ಮಾಡಿಸುವುದಿಲ್ಲ.

ಆಪರೇಷನ್ ಕೈಕೊಡುವುದುಂಟಾ? ಆದಮೇಲೂ ಸೋಂಕು ಬಂತು, ಏನು ಅರ್ಥ?

ಎರಡು ರೀತಿ ಕೈಕೊಡಬಹುದು. ರಿಫ್ಲಕ್ಸ್ ಉಳಿಯಬಹುದು, ಇಲ್ಲವೇ ಹೊಸ ದಾರಿ ಬಿಗಿಯಾಗಿ ಮೂತ್ರ ಇಳಿಯುವುದಕ್ಕೇ ಅಡ್ಡಿಯಾಗಬಹುದು. ಮತ್ತೆ ಆಪರೇಷನ್ ಬೇಕಾಗುವಷ್ಟು ಅಡ್ಡಿ ನೂರಕ್ಕೆ ಸುಮಾರು ಎರಡು ಕಡೆ ಮಾತ್ರ, ಆದರೆ ಮಗು ಏನೂ ನೋವು ಹೇಳದೆಯೂ ಕಿಡ್ನಿ ಊದುತ್ತಾ ಹೋಗಬಹುದು. ಅದಕ್ಕೇ ಆ ಅಲ್ಟ್ರಾಸೌಂಡ್ ತಪ್ಪಿಸಬಾರದು. ಒಂದೇ ಕಡೆ ಆಪರೇಷನ್ ಆದವರಲ್ಲಿ ಕೆಲವರಿಗೆ ಇನ್ನೊಂದು ಕಡೆ ಹೊಸದಾಗಿ ರಿಫ್ಲಕ್ಸ್ ಕಾಣುತ್ತದೆ. ಸಾಮಾನ್ಯವಾಗಿ ಸಣ್ಣ ಗ್ರೇಡ್, ತಾನೇ ಹೋಗುತ್ತದೆ.

ಸೋಂಕು ಬಂದ ಮಾತ್ರಕ್ಕೆ ಆಪರೇಷನ್ ಫೇಲ್ ಅಲ್ಲ. ಆಪರೇಷನ್ ಬಾಗಿಲು ಹಾಕಿರುವುದು ಮೂತ್ರಕೋಶ ಮತ್ತು ಕಿಡ್ನಿಯ ನಡುವೆ. ಹೊರಗಿಂದ ಮೂತ್ರಕೋಶಕ್ಕೆ ಬ್ಯಾಕ್ಟೀರಿಯಾ ಬರುವ ದಾರಿ ಹಾಗೇ ಇದೆ. ಜ್ವರ ಇಲ್ಲದೆ ಉರಿ ಮಾತ್ರ ಇದ್ದರೆ ಮತ್ತೆ ಮಲಬದ್ಧತೆ, ಮೂತ್ರ ತಡ್ಕೊಳ್ಳುವುದು, ಅಲ್ಲಿಂದಲೇ ಶುರುಮಾಡಿ. ಜ್ವರದ ಜೊತೆ ಬಂದರೆ ಪೂರ್ತಿ ತಪಾಸಣೆ ಆಗಬೇಕು.

ಖರ್ಚಿಗೆ ಏನಾದರೂ ಸಹಾಯ ಇದೆಯಾ?

ಕರ್ನಾಟಕದಲ್ಲಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವಿಚಾರಿಸಿ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜ್ ದರದ ಶೇಕಡಾ 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ ಸಿಗುತ್ತದೆ. ಖಾಸಗಿಗೆ ಹೋಗುವ ಮುಂಚೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾಗುವುದು ಸಾಮಾನ್ಯ. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಎಂದು ಒಬ್ಬರು ಕೂತಿರುತ್ತಾರೆ, ಅಡ್ಮಿಟ್ ಆಗುವ ಮುಂಚೆ ಅವರನ್ನು ನೋಡಿ, ಆದಮೇಲೆ ಅಲ್ಲ. ಇಂಜೆಕ್ಷನ್ ಆದರೆ ಜೆಲ್ ಪ್ಯಾಕೇಜಿನ ಒಳಗೋ ಹೊರಗೋ ಎಂದು ಸ್ಪಷ್ಟವಾಗಿ ಕೇಳಿ. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ವಿಕ್ಟೋರಿಯಾ ಆವರಣದಲ್ಲಿರುವ ನೆಫ್ರೋ ಯುರಾಲಜಿ ಸಂಸ್ಥೆ ಸರ್ಕಾರಿ ವ್ಯವಸ್ಥೆಯಲ್ಲಿವೆ.

ಹೆಣ್ಣುಮಗು. ಮುಂದೆ ಮದುವೆ, ಮಕ್ಕಳು ಎಲ್ಲ ಆಗುತ್ತಾ?

ಆಗುತ್ತದೆ. ಗರ್ಭಕೋಶಕ್ಕೂ ಈ ಆಪರೇಷನ್‌ಗೂ ಸಂಬಂಧವಿಲ್ಲ. ಕಿಡ್ನಿಯಲ್ಲಿ ಕಲೆ ಇರುವವರಿಗೆ ಮಾತ್ರ ಬಸುರಿಯಲ್ಲಿ ಬಿಪಿ ಏರುವ ಸಾಧ್ಯತೆ ಹೆಚ್ಚು, ಮೂತ್ರದ ಸೋಂಕೂ ಬರಬಹುದು. ಗರ್ಭಿಣಿ ಎಂದು ತಿಳಿದ ಮೊದಲ ಭೇಟಿಯಲ್ಲೇ ಡಾಕ್ಟರಿಗೆ ಹೇಳಬೇಕು. ‘ಹುಡುಗಿಗೆ ಆಪರೇಷನ್ ಆಗಿದೆ ಅಂತ ಯಾರಿಗೂ ಹೇಳಬೇಡಿ’ ಎಂದು ಬಂಧುಗಳು ಬುದ್ಧಿ ಹೇಳುತ್ತಾರೆ. ಬಂಧುಗಳಿಗೆ ಹೇಳದಿದ್ದರೂ ಪರವಾಗಿಲ್ಲ. ಮಗಳಿಗೆ ಹೇಳದೆ ಇರಬೇಡಿ.

ಯಾವ ಕಾಗದಗಳನ್ನು ಇಟ್ಟುಕೊಳ್ಳಬೇಕು?

ಡಿಸ್ಚಾರ್ಜ್ ಸಮ್ಮರಿ, ಎಂಸಿಯು ಫಿಲ್ಮ್‌ಗಳು, ಎಲ್ಲಾ ಡಿಎಂಎಸ್‌ಎ ರಿಪೋರ್ಟ್. ಮುಖ್ಯವಾಗಿ ಯಾವ ವಿಧಾನದ ಆಪರೇಷನ್ ಎಂದು ಸಮ್ಮರಿಯಲ್ಲಿ ಬರೆದಿರಬೇಕು, ಬರೀ ‘ರೀಇಂಪ್ಲಾಂಟ್ ಆಗಿದೆ’ ಎಂದಿದ್ದರೆ ಸಾಲದು, ಕೇಳಿ ಬರೆಸಿ. ಕೋಹೆನ್ ವಿಧಾನದಲ್ಲಿ ನಾಳದ ಬಾಯಿ ಅಡ್ಡಕ್ಕೆ ತಿರುಗಿರುತ್ತದೆ ಎಂದೆನಲ್ಲ. ಮಗು ದೊಡ್ಡದಾಗಿ ಮುಂದೆಂದೋ ಕಿಡ್ನಿ ಕಲ್ಲಾದರೆ, ಕೆಳಗಿನಿಂದ ಕ್ಯಾಮೆರಾ ಕಳಿಸಿ ತೆಗೆಯುವವರಿಗೆ ಆ ಬಾಯಿಯೊಳಗೆ ಹೋಗುವುದು ಕಷ್ಟ. ಮೊದಲೇ ಗೊತ್ತಿದ್ದರೆ ಬೇರೆ ದಾರಿ ಯೋಚಿಸುತ್ತಾರೆ. ಫೈಲ್ ಫೋಟೋ ತೆಗೆದು ಮಗುವಿನ ಹೆಸರಲ್ಲೇ ಇಮೇಲ್ ಮಾಡಿ ಇಟ್ಟುಬಿಡಿ, ಕಾಗದ ಮನೆ ಬದಲಾಯಿಸುವಾಗ ಕಳೆದುಹೋಗುತ್ತದೆ.